ಫೋರ್ಕ್ ಬಿಗಿ ಅನ್ನಿಸಿದರೆ ಸೈಕಲ್ ತಲೆಕೆಳಗು ಮಾಡಿಡಿ

ಮುಂದಿನ ಸಸ್ಪೆನ್ಷನ್ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದು ಕುಲುಕು ತಗ್ಗಿಸುವ ಭಾಗ, ಸಣ್ಣಪುಟ್ಟ ಕಲ್ಲಿಗೂ ಕೈಗೆ ಹೊಡೆಯುತ್ತಿದ್ದರೆ, ಫೋರ್ಕಿನ ಗಾಳಿ ಕಮ್ಮಿ ಮಾಡುವ ಮೊದಲು ಸೈಕಲನ್ನು ಹ್ಯಾಂಡಲ್ ಮತ್ತು ಸೀಟಿನ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ನಿಲ್ಲಿಸಿ ನೋಡಿ. ಧೂಳು ತಡೆಯುವ ಸೀಲಿನ ಕೆಳಗೆ ಒಂದು ಫೋಮ್ ಉಂಗುರ ಇರುತ್ತದೆ, ಒಳಗಿನ ಕೊಳವೆ ನುಣ್ಣಗೆ ಜಾರುವುದು ಅದು ಹೀರಿಕೊಂಡ ಎಣ್ಣೆಯಿಂದಲೇ. ಸೈಕಲ್ ಸುಮ್ನೆ ನಿಂತಿದ್ದರೆ ಎಣ್ಣೆ ತಳಕ್ಕೆ ಇಳಿದುಬಿಡುತ್ತದೆ. ತಿರುಗಿಸಿದರೆ ಉಂಗುರ ಮತ್ತೆ ನೆನೆಯುತ್ತದೆ, ಅಷ್ಟೇ. ಮೊದಲು ಸೀಲ್ ಸುತ್ತಲಿನ ಮಣ್ಣು ಒರೆಸಿ. ಬೆಳಿಗ್ಗೆ ನೇರ ಮಾಡಿ ಫೋರ್ಕನ್ನು ನಾಲ್ಕಾರು ಸಲ ಜೋರಾಗಿ ಒತ್ತಿದಾಗ ಕೊಳವೆಯ ಮೇಲೆ ಎಣ್ಣೆಯ ತೆಳು ಹೊಳಪು ಕಂಡರೆ ಸರಿ, ತೊಟ್ಟಿಕ್ಕಿದರೆ ಸೀಲೇ ಹೋಗಿದೆ. ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇದ್ದರೆ, ತಲೆಕೆಳಗಿಟ್ಟಾಗ ಅದರ ಕೊಳವೆಗೆ ಗಾಳಿ ಸೇರಬಹುದು, ಹೊರಡುವ ಮುಂಚೆ ಲಿವರ್ ಹಿಡಿದು ನೋಡಿ. ಕೆಲವು ಸಲ ಹಿಡಿದು ಬಿಟ್ಟರೂ ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆ, ಬ್ಲೀಡ್ ಮಾಡಿಸದೆ, ಅಂದರೆ ಆ ಗಾಳಿ ಹೊರತೆಗೆಸದೆ, ಓಡಿಸಬೇಡಿ. ಗ್ರೀಸ್ ಮಾತ್ರ ಇರುವ ಅಗ್ಗದ ಸ್ಪ್ರಿಂಗ್ ಫೋರ್ಕಿಗೆ ಇದರಿಂದ ಏನೂ ಆಗುವುದಿಲ್ಲ. ಎಣ್ಣೆ ಹಳೆಯದಾಗಿ ಕಪ್ಪಾಗಿದ್ದರೂ ಹಾಗೇ, ಅದನ್ನು ಬದಲಿಸಲೇಬೇಕು. ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್‌ ಕಂಪನಿಯವರು ಅದಕ್ಕೆ ಕೊಡುವ ಲೆಕ್ಕ 50 ಗಂಟೆ ಸವಾರಿ, ಕೆಸರಲ್ಲಿ ಜಾಸ್ತಿ ಓಡಿಸುವವರು ಅಲ್ಲಿವರೆಗೂ ಕಾಯದಿರುವುದು ಒಳ್ಳೆಯದು.