ಬೀಗ ಬದಲಿಸುವ ಕಾಲ ಯಾವುದು: ಕಡಲ ಬದಿಯ ಬಾಡಿಗೆ ಮನೆಗಳಲ್ಲಿ ನನ್ನ ಅನುಭವ

ಮಲ್ಪೆ, ಕುಂಜಿಬೆಟ್ಟು ಮತ್ತು ಸುರತ್ಕಲ್‌ನಲ್ಲಿರುವ ನಮ್ಮ ಕುಟುಂಬದ ಬಾಡಿಗೆ ಮನೆಗಳ ಉಸ್ತುವಾರಿ ನನ್ನದು. ಬೀಗಗಳಿಗೆಂದೇ ವರ್ಷಕ್ಕೆ ಸುಮಾರು 15,000 ರೂಪಾಯಿ ಹೋಗುತ್ತಿದ್ದ ಕಾಲವೊಂದಿತ್ತು. ಈಗ 4,000 ದಾಟುವುದು ಅಪರೂಪ. ಬಾಗಿಲೊಳಗಿನ ಬೀಗದ ಪೆಟ್ಟಿಗೆಯನ್ನು ಮುಟ್ಟದೆ, ಚಾವಿ ತೂರಿಸುವ ಭಾಗವಾದ ಸಿಲಿಂಡರನ್ನಷ್ಟೇ ಬದಲಿಸುತ್ತೇನೆ, ಮಳೆಗಾಲದ ದೂರನ್ನು ನಂಬಿ ಹೊಸ ಬೀಗ ತರುವುದಿಲ್ಲ ಎಂದಾಗ ನಮ್ಮ ಆಚಾರಿಯವರು, "ಬೀಗ ಹೋಗಿದೆ ಮಾರಾಯ್ರೆ, ಇಡೀ ಸೆಟ್ ತೆಗೆಯಿರಿ" ಎಂದು ನಕ್ಕಿದ್ದರು. ಈಗ ಅವರೇ ಬೇರೆ ಮನೆಯವರಿಗೆ ನನ್ನ ಕ್ರಮವನ್ನು ಹೇಳಿಕೊಡುತ್ತಿದ್ದಾರೆ, ನನ್ನ ಹೆಸರನ್ನು ಬಿಟ್ಟು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ "ಚಾವಿ ತಿರುಗುವುದಿಲ್ಲ" ಎಂಬ ದೂರುಗಳಲ್ಲಿ ಹೆಚ್ಚಿನವು ಬೀಗಕ್ಕೆ ಸಂಬಂಧಿಸಿದವಲ್ಲ, ಉಬ್ಬಿದ ಬಾಗಿಲಿಗೆ ಸಂಬಂಧಿಸಿದವು. ಬಾಗಿಲನ್ನು ತೆರೆದಿಟ್ಟುಕೊಂಡೇ ಚಾವಿ ತಿರುಗಿಸಿದಾಗ ಬೀಗದ ನಾಲಿಗೆ ಸಲೀಸಾಗಿ ಹೊರಬಂದು ಒಳಹೋದರೆ ಬೀಗ ಸರಿಯಿದೆ ಎಂದೇ ಅರ್ಥ. ನಾಲಿಗೆಯ ತುದಿಗೆ ಸೀಮೆಸುಣ್ಣ ಹಚ್ಚಿ, ಬಾಗಿಲು ಮುಚ್ಚಿ, ಚಾವಿಯನ್ನು ಹೋಗುವಷ್ಟು ತಿರುಗಿಸಿದರೆ ದಾರಂದದ ತಗಡಿನಲ್ಲಿ ಅದು ಎಲ್ಲಿ ತಾಗುತ್ತಿದೆ ಎಂಬುದು ಕಾಣುತ್ತದೆ, ಅಷ್ಟು ಜಾಗವನ್ನು ಅರದಿಂದ ಉಜ್ಜಿದರೆ ಸಾಕು. ಇದನ್ನು ನಂಬದ ಕೆಲಸದವರೊಬ್ಬರು ಜುಲೈಯಲ್ಲಿ ಹೆಬ್ಬಲಸಿನ ಬಾಗಿಲೊಂದಕ್ಕೆ ಕೀಸುಳಿ ಹಾಕಿದರು. ಜನವರಿಯ ಹೊತ್ತಿಗೆ ಮರ ಒಣಗಿ, ಬಾಗಿಲಿಗೂ ದಾರಂದಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದು, ನಾಲಿಗೆಯ ತುದಿಯಷ್ಟೇ ತಗಡಿನೊಳಗೆ ನಿಂತಿತ್ತು. ಪಟ್ಟಿ ಹೊಡೆಸಿ ಬಣ್ಣ ಬಳಿಸಿದ್ದಕ್ಕೆ 2,500 ರೂಪಾಯಿಯಾದರೂ ಹೋಗಿರಬೇಕು.

ಹಾಗಾದರೆ ನಿಜವಾಗಿ ಬದಲಿಸಬೇಕಾದದ್ದು ಯಾವಾಗ? ಪ್ರತಿ ಬೀಗದ ಒಂದು ಮೂಲ ಚಾವಿಯನ್ನು ಬಳಸದೆ ಎತ್ತಿಡುತ್ತೇನೆ. ಬಾಡಿಗೆದಾರರ ಚಾವಿ ಸಿಕ್ಕಿಕೊಂಡು ಮೂಲ ಚಾವಿ ಸಲೀಸಾಗಿ ತಿರುಗಿದರೆ ಸವೆದಿರುವುದು ಚಾವಿ ಮಾತ್ರ. ಮೂಲದಿಂದಲೇ ಇನ್ನೊಂದು ಕಡೆಸಿದರೆ 100 ರೂಪಾಯಿಯೊಳಗೆ ಕೆಲಸ ಮುಗಿಯುತ್ತದೆ. ನಕಲಿನಿಂದ ನಕಲು ಕಡೆಸಿದರೆ ಪ್ರತಿ ಸಲವೂ ಅಳತೆ ಕೊಂಚ ತಪ್ಪುತ್ತಾ ಹೋಗುತ್ತದೆ. ಮೂಲ ಚಾವಿಯೂ ಸಿಕ್ಕಿಕೊಂಡರೆ ಮತ್ತು ಎಣ್ಣೆಗೂ ಬಗ್ಗದಿದ್ದರೆ ಸಿಲಿಂಡರಿನ ಆಯುಷ್ಯ ಮುಗಿದಿದೆ. ಅರ್ಧ ತಿರುಗಿಸಿದಾಗಲೇ ಚಾವಿ ಹೊರಬರುವುದು ಅಥವಾ ಪಕ್ಕದ ಮನೆಯ ಚಾವಿಗೆ ಬೀಗ ತೆರೆದುಕೊಳ್ಳುವುದು ಕಂಡರೆ ಚಾವಿಯ ಹಲ್ಲುಗಳಿಗೆ ಹೊಂದುವ ಒಳಗಿನ ಪಿನ್ನುಗಳು ಸವೆದಿವೆ. ಅಂಥದ್ದನ್ನು ಅದೇ ದಿನ ತೆಗೆಯುತ್ತೇನೆ, ಮಳೆಯಿರಲಿ ಬಿಸಿಲಿರಲಿ. ಚಾವಿ ತೂರುವ ಬಾಯಿಯ ಸುತ್ತ ಹೊಸ ಗೀರುಗಳಿದ್ದರೂ ಹಾಗೆಯೇ, ಯಾರೋ ತೆರೆಯಲು ನೋಡಿರಬಹುದು. ಬಾಡಿಗೆದಾರರು ಮನೆ ಬಿಡುವಾಗ ಕೊಟ್ಟಷ್ಟು ಚಾವಿ ಹಿಂದಿರುಗದಿದ್ದರಂತೂ ಬೀಗ ಎಷ್ಟೇ ಹೊಸದಾಗಿದ್ದರೂ ಯೋಚಿಸುವ ಪ್ರಶ್ನೆಯೇ ಇಲ್ಲ.

ಹಣ ಉಳಿದದ್ದು ಸಿಲಿಂಡರಿನಲ್ಲಿ. ಇಡೀ ಸೆಟ್ಟಿಗೆ 3,000 ರೂಪಾಯಿಯ ಮೇಲೆ, ಆಚಾರಿಯವರ ಮಜೂರಿ ಬೇರೆ; ಸಿಲಿಂಡರ್ ಮಾತ್ರ ಕೊಂಡರೆ 700ರಿಂದ 1,000 ರೂಪಾಯಿ, ಮಜೂರಿ ನನ್ನದೇ. ಬಾಗಿಲಿನ ಅಂಚಿನಲ್ಲಿರುವ ಒಂದು ಉದ್ದ ಸ್ಕ್ರೂ ಬಿಚ್ಚಿ, ಚಾವಿಯನ್ನು ತುಸು ತಿರುಗಿಸಿ ಹಿಡಿದು ಎಳೆದರೆ ಅದು ಹೊರಬರುತ್ತದೆ. ಅಳತೆಯನ್ನು ಸ್ಕ್ರೂ ತೂತಿನ ಮಧ್ಯದಿಂದ ಎರಡೂ ಬದಿಗೆ ಬೇರೆ ಬೇರೆಯಾಗಿ ತೆಗೆಯಬೇಕು. ಒಟ್ಟು 60 ಮಿಲಿಮೀಟರ್ ಎಂದು ಹೇಳಿ ತಂದದ್ದು ಹೊರಗೆ ಚಾಚಿಕೊಂಡರೆ ಕಳ್ಳನಿಗೆ ಇಕ್ಕಳ ಹಿಡಿಯಲು ಅನುಕೂಲ ಮಾಡಿಕೊಟ್ಟಂತಾಗುತ್ತದೆ. ಮಲ್ಪೆಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಹಿತ್ತಾಳೆಯ ಸಿಲಿಂಡರಿನೊಳಗೆ ತುಕ್ಕು ಹಿಡಿದು ತಲೆ ಮುರಿದು, ಕೊರೆದು ತೆಗೆಯಲು ಹೊಸ ಸಿಲಿಂಡರಿಗಿಂತ ಹೆಚ್ಚು ಕೊಟ್ಟದ್ದಿದೆ. ಈಗ ಮೊದಲ ದಿನವೇ ಸ್ಟೀಲ್ ಸ್ಕ್ರೂವಿಗೆ ಗ್ರೀಸ್ ಸವರಿ ಹಾಕುತ್ತೇನೆ.

ಎಣ್ಣೆಯ ಪರೀಕ್ಷೆಗಳನ್ನೂ ಮಾಡಿದ್ದೇನೆ. ತೆಂಗಿನೆಣ್ಣೆ ಹಾಕಿದ ಬೀಗ ವಾರಗಟ್ಟಲೆ ನುಣ್ಣಗೆ ತಿರುಗಿ, ಆಮೇಲೆ ಧೂಳು ಹಿಡಿದು ಅಂಟಿಕೊಂಡಿತು. ಹೊಲಿಗೆ ಯಂತ್ರದ ಎಣ್ಣೆ ವಾಸಿ. ನನಗೆ ಹಿಡಿಸಿದ್ದು ಪೆನ್ಸಿಲ್ ಕಡ್ಡಿಯನ್ನು ನುಣ್ಣಗೆ ಅರೆದ ಪುಡಿ, ಆದರೆ ಎಣ್ಣೆ ಕುಡಿದ ಬೀಗಕ್ಕೆ ಅದನ್ನು ಹಾಕಿದರೆ ಕೆಸರಾಗುತ್ತದೆ. ಅದಕ್ಕೆ ಮೊದಲು ತೊಳೆಯಲು ಏನು ಬಳಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಹಿಡಿಕೆಗಳ ವಿಷಯದಲ್ಲಿ, ಕ್ರೋಮ್ ಲೇಪದ ಅಗ್ಗದ ಹಿಡಿಕೆ ಎರಡು ಮಳೆಗಾಲದಲ್ಲಿ ಗುಳ್ಳೆಯೆದ್ದಿತು. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಕಡಲ ಬದಿಯಲ್ಲಿ ಕಂದು ಕಲೆ ಬಂತು, ಒರೆಸಿದರೆ ಹೋಗುತ್ತದೆ. 316 ದರ್ಜೆಯದು ಇನ್ನೂ ಚೆನ್ನಾಗಿ ತಾಳುತ್ತದೆ, ಆದರೆ ಬಾಡಿಗೆ ಮನೆಗೆ ಆ ಬೆಲೆ ನನಗೆ ಒಪ್ಪಿಗೆಯಿಲ್ಲ.

ಬಾಡಿಗೆದಾರರು ಬದಲಾದಾಗ ಸಿಲಿಂಡರುಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುತ್ತೇನೆ. ಹಳೆಯ ಚಾವಿ ಯಾರ ಬಳಿಯಾದರೂ ಉಳಿದಿದ್ದರೆ ಏನು ಗತಿ ಎಂದು ಮನೆಯವರು ಕೇಳಿದ್ದು ಸರಿಯೇ. ಎಲ್ಲ ಚಾವಿಗಳೂ ಮರಳಿ ಬಂದ ಸಿಲಿಂಡರುಗಳು ಮಾತ್ರ ಈ ಸರದಿಗೆ ಸೇರುತ್ತವೆ, ಅದೂ ಒಂದು ವರ್ಷ ಬಳಸದೆ ಎತ್ತಿಟ್ಟ ಮೇಲೆ. ಚಾವಿ ಕಡಿಮೆ ಬಂದದ್ದಕ್ಕೆ ಪಿನ್ನು ಬದಲಿಸಿಕೊಡುವವರಲ್ಲಿ 250–300 ರೂಪಾಯಿ ಕೊಟ್ಟು ಹೊಸ ಚಾವಿ ಹೊಂದಿಸುತ್ತೇನೆ. ಯಾವುದು ಎಲ್ಲಿಗೆ ಹೋಗುತ್ತದೆ ಎಂಬ ಕ್ರಮವನ್ನು ಬರೆಯುವುದಿಲ್ಲ, ಬಾಡಿಗೆದಾರರೂ ಇದನ್ನು ಓದಬಹುದು.

ಕುಂಜಿಬೆಟ್ಟಿನ ಹಳೆಯ ಮನೆಗೆ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿರುವುದು ಲಿವರ್ ಬೀಗ, ಬೇರ್ಪಡಿಸಲು ಸಿಲಿಂಡರ್ ಇಲ್ಲ. ಚಾವಿ ಕಳೆದರೆ ಪೆಟ್ಟಿಗೆಯನ್ನೇ ತೆಗೆಯಬೇಕು. ಅದೇ ಅಳತೆಯ ಪೆಟ್ಟಿಗೆ ಸಿಗದಿದ್ದರೆ ಹಲಸಿನ ಬಾಗಿಲನ್ನು ಕೆತ್ತಬೇಕಾಗುವುದರಿಂದ, ಅಂಗಡಿಯಲ್ಲಿ ಕಂಡಾಗಲೇ ಒಂದನ್ನು ಕೊಂಡು ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.