ಡಿಲೀಟ್ ಮಾಡಿದರೂ ಜಾಗ ಬರಲಿಲ್ಲ: ಜೆಡ್‌ಎಫ್‌ಎಸ್ ಪೂಲ್ ಜೊತೆ ನನ್ನ ಅನುಭವ

ನಾನು ನೋಡಿಕೊಳ್ಳುವ ಸರ್ವರ್ ಒಂದು ವಿಡಿಯೋ ಎಡಿಟಿಂಗ್ ಆಫೀಸಿನದು. ಮದುವೆ, ಗೃಹಪ್ರವೇಶ, ಆಗೊಮ್ಮೆ ಈಗೊಮ್ಮೆ ಜಾಹೀರಾತು. ಕ್ಯಾಮೆರಾದ ಫೈಲುಗಳೆಲ್ಲ ಬಂದು ಬೀಳುವುದು ಇದರಲ್ಲೇ. ಉಬುಂಟು, 4 ಟಿಬಿಯ ನಾಲ್ಕು ಡಿಸ್ಕು. ಮಾನಿಟರ್ ಇಲ್ಲ, ಕೆಲಸವೆಲ್ಲ ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ನಲ್ಲಿ. ಡಿಸ್ಕುಗಳನ್ನು ನೋಡಿಕೊಳ್ಳುವುದು ಜೆಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ಹಲವು ಡಿಸ್ಕು ಸೇರಿಸಿ ಅದು ಮಾಡುವ ಒಂದೇ ದೊಡ್ಡ ಜಾಗವೇ ಪೂಲ್.

ಪೂಲ್ ಮಾಡುವ ಕಮಾಂಡ್ ಒಂದೇ ಸಾಲು, ಜೆಡ್‌ಪೂಲ್ ಕ್ರಿಯೇಟ್. ಆದರೆ ಆ ಸಾಲಿನಲ್ಲಿ ಹಾಕಿದ್ದನ್ನು ಆಮೇಲೆ ಬದಲಾಯಿಸುವುದು ಕಷ್ಟ, ಕೆಲವನ್ನಂತೂ ಆಗುವುದೇ ಇಲ್ಲ. ಪೂಲ್ ಒಳಗಿನ ಡೇಟಾಸೆಟ್‌ಗಳ (ಫೋಲ್ಡರಿನಂಥ ವಿಭಾಗಗಳ) ಸೆಟ್ಟಿಂಗ್ ಹಾಗಲ್ಲ, ಹೆಚ್ಚಿನವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹಾಗಾಗಿ ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಆ ಒಂದು ಸಾಲಿಗೆ.

ನಾಲ್ಕು ಡಿಸ್ಕನ್ನು ಎರಡು ಮಿರರ್ ಜೋಡಿ ಮಾಡಿದೆ, ಅಂದರೆ ಜೋಡಿಯ ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ. ಸಿಕ್ಕಿದ್ದು 7.2 ಟಿಬಿ ಚಿಲ್ಲರೆ. ಒಂದು ಡಿಸ್ಕಿನಷ್ಟು ಜಾಗವನ್ನು ಮಾತ್ರ ರಕ್ಷಣೆಗೆ ಬಳಸುವ ರೇಡ್-ಜೆಡ್1 ಹಾಕಿದ್ದರೆ ಜಾಗ ಜಾಸ್ತಿ ಸಿಗುತ್ತಿತ್ತು. ಆದರೆ ಮಿರರ್‌ನಲ್ಲಿ ಒಂದು ಜೋಡಿಯನ್ನು ಮಾತ್ರ ದೊಡ್ಡ ಡಿಸ್ಕುಗಳಿಗೆ ಬದಲಿಸಿದರೂ ಪೂಲ್ ಬೆಳೆಯುತ್ತದೆ. ಸಣ್ಣ ಆಫೀಸಿಗೆ ಒಂದೇ ಸಲ ನಾಲ್ಕು ಡಿಸ್ಕಿನ ಬಿಲ್ ಕೊಡುವುದು ಸುಲಭವಲ್ಲ ಅಲ್ವಾ?

ಆಶಿಫ್ಟ್ ಅನ್ನು 12 ಎಂದು ನಾನೇ ಬರೆದೆ. ಅಂದರೆ 4096 ಬೈಟಿನ ಸೆಕ್ಟರ್ (ಡಿಸ್ಕ್ ಒಂದು ಸಲಕ್ಕೆ ಬರೆಯುವ ಕನಿಷ್ಠ ತುಂಡು). ಒಳಗೆ 4096 ಇದ್ದರೂ 512 ಎಂದು ಹೇಳಿಕೊಳ್ಳುವ ಡಿಸ್ಕುಗಳಿವೆ, ಅವುಗಳ ಮಾತು ನಂಬುವಂತಿಲ್ಲ. ಒಮ್ಮೆ ಕೂತ ಆಶಿಫ್ಟ್ ಬದಲಾಗುವುದಿಲ್ಲ. ಡಿಸ್ಕಿನ ಹೆಸರಿಗೂ ಎಸ್‌ಡಿಎ, ಎಸ್‌ಡಿಬಿ ಬಳಸಲಿಲ್ಲ. ರೀಬೂಟ್ ಆದಾಗ ಅವು ಅದಲುಬದಲಾಗಬಹುದು. ಬೈ-ಐಡಿ ಫೋಲ್ಡರಿನ ಹೆಸರಿನಲ್ಲಿ ಸೀರಿಯಲ್ ನಂಬರೇ ಇರುತ್ತದೆ. ಅದೇ ನಂಬರನ್ನು ಚೀಟಿಯಲ್ಲಿ ಬರೆದು ಪ್ರತಿ ಟ್ರೇಗೂ ಅಂಟಿಸಿದ್ದೇನೆ. ಕೆಟ್ಟ ಡಿಸ್ಕ್ ತೆಗೆಯಲು ಹೋಗಿ ಒಳ್ಳೆಯದನ್ನು ಎಳೆಯಬಾರದಲ್ಲ.

ಡೇಟಾಸೆಟ್‌ಗಳನ್ನು ಆರಾಮಾಗಿ ಮಾಡಿಕೊಂಡೆ. ಕಚ್ಚಾ ವಿಡಿಯೋಗೆ ಒಂದು, ಪ್ರಾಜೆಕ್ಟ್ ಫೈಲಿಗೆ ಒಂದು, ಲೆಕ್ಕಪತ್ರಕ್ಕೆ ಒಂದು. ವಿಡಿಯೋ ಇರುವಲ್ಲಿ ರೆಕಾರ್ಡ್‌ಸೈಜ್ (ಫೈಲನ್ನು ಒಡೆದಿಡುವ ತುಂಡಿನ ಗರಿಷ್ಠ ಗಾತ್ರ) 1 ಎಂಬಿ, ಎಲ್ಲದಕ್ಕೂ ಎಲ್‌ಜೆಡ್4 ಕಂಪ್ರೆಷನ್. ಇವನ್ನು ಬದಲಿಸಿದರೆ ಹೊಸದಾಗಿ ಬರೆದ ಫೈಲಿಗೆ ಮಾತ್ರ ಅನ್ವಯ, ಹಳೆಯವು ಹಾಗೇ ಉಳಿಯುತ್ತವೆ.

ಒಂದು ದಿನ ಎಡಿಟರ್ ಹುಡುಗ ಬಂದು, "ಸರ್, ಹೋದ ವರ್ಷದ ಮದುವೆಗಳನ್ನೆಲ್ಲ ಡಿಲೀಟ್ ಮಾಡಿದೆ, ಜಾಗ ಒಂಚೂರೂ ಜಾಸ್ತಿ ಆಗಿಲ್ಲ" ಅಂದ. ಫೈಲು ಹೋಗಿತ್ತು, ಆದರೆ ಸ್ನ್ಯಾಪ್‌ಶಾಟ್ (ತೆಗೆದ ಹೊತ್ತಿನ ಡೇಟಾವನ್ನು ಹಾಗೇ ಉಳಿಸಿಡುವ ಪ್ರತಿ) ಅದನ್ನು ಹಿಡಿದುಕೊಂಡಿತ್ತು. ಇಂಥ ಹೊತ್ತಿನಲ್ಲಿ ನಾನು ಜಾಗ ತೋರಿಸುವ ಮಾಮೂಲಿ ಕಮಾಂಡ್ ಡಿಎಫ್ ನೋಡುವುದಿಲ್ಲ. ಜೆಡ್‌ಎಫ್‌ಎಸ್ ಲಿಸ್ಟ್‌ಗೆ 'ಮೈನಸ್ ಓ ಸ್ಪೇಸ್' ಹಾಕುತ್ತೇನೆ. ಡೇಟಾಗೆ ಎಷ್ಟು, ಸ್ನ್ಯಾಪ್‌ಶಾಟ್‌ಗೆ ಎಷ್ಟು, ಒಳಗಿನ ಡೇಟಾಸೆಟ್‌ಗಳಿಗೆ ಎಷ್ಟು ಎಂದು ಬೇರೆಬೇರೆ ಕಾಲಮ್ ಬರುತ್ತದೆ. ಜಾಗ ಎಲ್ಲಿ ಕೂತಿದೆ ಎಂದು ತಕ್ಷಣ ಕಾಣುತ್ತದೆ.

ಆದರೆ ಅಲ್ಲೊಂದು ತಮಾಷೆ ಇದೆ. ಸ್ನ್ಯಾಪ್‌ಶಾಟ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರೆ ಪ್ರತಿಯೊಂದರ ಮುಂದೆಯೂ ಚಿಕ್ಕ ಅಂಕಿ. ಕೂಡಿಸಿದರೆ ಒಟ್ಟಿಗೆ ತಾಳೆಯೇ ಆಗುವುದಿಲ್ಲ. ಕಾರಣ ಇಷ್ಟೇ: ಆ ಅಂಕಿ ಆ ಒಂದು ಸ್ನ್ಯಾಪ್‌ಶಾಟ್ ಮಾತ್ರ ಹಿಡಿದಿರುವ ಜಾಗ. ಒಂದೇ ವಿಡಿಯೋ ಐದು ಸ್ನ್ಯಾಪ್‌ಶಾಟಿನಲ್ಲಿದ್ದರೆ ಅದು ಯಾವುದರ ಲೆಕ್ಕಕ್ಕೂ ಬರುವುದಿಲ್ಲ. ಐದೂ ಹೋದರೆ ಮಾತ್ರ ಬಿಡುಗಡೆ. ಹಾಗಾಗಿ ಯಾವುದೋ ಒಂದನ್ನು ಅಳಿಸಿದರೆ ಬರುವುದು ಅದರ ಮುಂದಿನ ಅಂಕಿಯಷ್ಟೇ ಜಾಗ. ಮೊದಲ ಮತ್ತು ಕೊನೆಯ ಸ್ನ್ಯಾಪ್‌ಶಾಟ್ ಹೆಸರಿನ ನಡುವೆ ಪರ್ಸೆಂಟ್ ಚಿಹ್ನೆ ಹಾಕಿ, ಅಳಿಸುವ ಕಮಾಂಡ್ ಡಿಸ್ಟ್ರಾಯ್‌ಗೆ 'ಮೈನಸ್ ಎನ್‌ವಿ' ಕೊಡುತ್ತೇನೆ. ಏನನ್ನೂ ಅಳಿಸದೆ, ಇಷ್ಟನ್ನೂ ತೆಗೆದರೆ ಎಷ್ಟು ಜಾಗ ಬರುತ್ತದೆ ಎಂದು ಅದೇ ಹೇಳುತ್ತದೆ. ಅಂಕಿ ಸರಿ ಅನ್ನಿಸಿದರೆ 'ಎನ್' ತೆಗೆದು ಮತ್ತೆ ಎಂಟರ್. ಈಗ ಕಚ್ಚಾ ವಿಡಿಯೋಗೆ ಸ್ನ್ಯಾಪ್‌ಶಾಟ್ ಒಂದು ವಾರ ಮಾತ್ರ ಇಡುತ್ತೇನೆ, ಲೆಕ್ಕಪತ್ರಕ್ಕೆ ಒಂದು ವರ್ಷ.

ಪೂಲ್ ಶೇಕಡಾ 80 ದಾಟಲು ಬಿಡುವುದಿಲ್ಲ. ಜೆಡ್‌ಎಫ್‌ಎಸ್ ಹಳೆಯ ಬ್ಲಾಕಿನ ಮೇಲೆ ಬರೆಯುವುದಿಲ್ಲ, ಪ್ರತಿ ಸಲ ಹೊಸ ಜಾಗ ಹುಡುಕುತ್ತದೆ. ಪೂಲ್ ತುಂಬುತ್ತಾ ಬಂದಂತೆ ನಿಧಾನವಾಗುತ್ತದೆ. ಅಳಿಸಲಿಕ್ಕೂ ಅದಕ್ಕೆ ಒಂಚೂರು ಜಾಗ ಬೇಕು! ಅದಕ್ಕೇ ಖಾಲಿ ಡೇಟಾಸೆಟ್ ಒಂದನ್ನು ಮಾಡಿ 50 ಜಿಬಿ ರಿಸರ್ವೇಷನ್ ಕೊಟ್ಟು ಸುಮ್ನೆ ಬಿಟ್ಟಿದ್ದೇನೆ. ತೀರಾ ಬಿಗಿಯಾದರೆ ಅದನ್ನು ಸೊನ್ನೆ ಮಾಡಿದರಾಯಿತು.

ಸ್ಕ್ರಬ್, ಅಂದರೆ ಪೂಲಿನ ಡೇಟಾವನ್ನೆಲ್ಲ ಓದಿ ತಪ್ಪು ಹುಡುಕುವ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಬುಂಟು ತಾನೇ ತಿಂಗಳ ಎರಡನೇ ಭಾನುವಾರ ಓಡಿಸುತ್ತದೆ. ಮಾರನೇ ದಿನ ಸ್ಟೇಟಸ್ ನೋಡುವುದು ನಮ್ಮ ಕೆಲಸ. ಚೆಕ್‌ಸಮ್ ಕಾಲಮ್ಮಿನಲ್ಲಿ (ಓದಿದ ಡೇಟಾ ತಾಳೆಯಾಗದ ಲೆಕ್ಕ) ಸೊನ್ನೆ ಬಿಟ್ಟು ಬೇರೆ ಅಂಕಿ ಬಂದರೆ ಡಿಸ್ಕನ್ನು ಬೈಯುವ ಮುಂಚೆ ಕೇಬಲ್ ಬದಲಿಸಿ ನೋಡಿ.

ಹೊಸ ಡಿಸ್ಕ್ ಹಾಕುವಾಗ ಮಾತ್ರ ಎಚ್ಚರ. ಅಟ್ಯಾಚ್ ಅಂದರೆ ಇರುವ ಡಿಸ್ಕಿಗೆ ಜೋಡಿ. ಆಡ್ ಅಂದರೆ ಪೂಲಿಗೆ ಹೊಸ ತುಂಡು. ಒಂಟಿ ಡಿಸ್ಕನ್ನು ಆಡ್ ಮಾಡಲು ಹೋದರೆ ಅದು ಬೇಡ ಅನ್ನುತ್ತದೆ. 'ಮೈನಸ್ ಎಫ್' ಹಾಕಿ ಒತ್ತಾಯಿಸಿದರೆ ಒಪ್ಪಿಕೊಳ್ಳುತ್ತದೆ, ಆದರೆ ಆ ಒಂದು ಡಿಸ್ಕ್ ಸತ್ತ ದಿನ ಇಡೀ ಪೂಲ್ ಹೋಗುತ್ತದೆ. ಆಡ್‌ಗೂ 'ಮೈನಸ್ ಎನ್' ಇದೆ. ಪೂಲ್ ಹೇಗೆ ಕಾಣುತ್ತದೆ ಎಂದು ಮೊದಲು ಅದರಲ್ಲಿ ನೋಡುತ್ತೇನೆ. ಹೊಸ ಡಿಸ್ಕುಗಳ ಮೇಲೆ ಮಿರರ್ ಎಂಬ ಪದ ಅಲ್ಲಿ ಕಾಣದಿದ್ದರೆ ನಿಜವಾದ ಕಮಾಂಡಿಗೆ ಎಂಟರ್ ಒತ್ತುವುದಿಲ್ಲ.