ಅಮೆರಿಕದ ಅಧ್ಯಕ್ಷರನ್ನು ತೂಗಿ ನೋಡುವುದು ಹೇಗೆ?

ಭಾಷಣ ಕೇಳಿ ತೀರ್ಪು ಕೊಡಬೇಡಿ. ಬರೆದುಕೊಡೋಕೆ ಬೇರೆ ಜನ ಇರುತ್ತಾರೆ.

ಮೊದಲು ಅಲ್ಲಿನ ಸಂವಿಧಾನದ ಮೊದಲ ಎರಡು ವಿಧಿಗಳನ್ನು ಓದಿ. ಉದ್ದ ಏನಿಲ್ಲ. ಅಧ್ಯಕ್ಷ ಸೇನೆಗೆ ದಂಡನಾಯಕ ನಿಜ, ಆದರೆ ಖಜಾನೆ ಬೀಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕೈಯಲ್ಲಿದೆ, ಆತ ವೀಟೊ ಹಾಕಿ ಮಸೂದೆ ತಡೆದರೂ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಅದು ಕಾನೂನಾಗಿಬಿಡುತ್ತದೆ. 1952ರಲ್ಲಿ ಕೊರಿಯಾ ಯುದ್ಧದ ನಡುವೆ ಮುಷ್ಕರದ ಭಯಕ್ಕೆ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನೇ ವಶಕ್ಕೆ ತೆಗೆದುಕೊಂಡ. ಸುಪ್ರೀಂ ಕೋರ್ಟ್ 6-3ರಲ್ಲಿ ಆಗಲ್ಲ ಅಂದಿತು, ಆತ ವಾಪಸ್ ಕೊಟ್ಟ. ಈ ಬೇಲಿ ಎಲ್ಲಿದೆ ಅಂತ ಗೊತ್ತಿಲ್ಲದೆ ಯಾರನ್ನೂ ಅಳೆಯೋಕಾಗಲ್ಲ.

ಆಮೇಲೆ ಕೋಣೆಯಲ್ಲಿ ಯಾರ್ಯಾರು ಕೂತಿದ್ದರು ನೋಡಿ. ನನ್ನ ಪ್ರಕಾರ ಜಾಸ್ತಿ ಸಿಗುವುದು ಇಲ್ಲೇ. 1961ರ ಏಪ್ರಿಲ್‌ನಲ್ಲಿ ಕ್ಯೂಬಾದ ಸರ್ಕಾರ ಉರುಳಿಸುವ ಗೂಢಚಾರ ಸಂಸ್ಥೆ ಸಿಐಎ ಯೋಜನೆಗೆ ಕೆನಡಿ ತಲೆಯಾಡಿಸಿದ, ಅಲ್ಲಿನ ಬೇ ಆಫ್ ಪಿಗ್ಸ್ ಕೊಲ್ಲಿಯಲ್ಲಿ ದಾಳಿಗೆ ಇಳಿದ ದೇಶಭ್ರಷ್ಟ ಕ್ಯೂಬನ್ನರು ಮೂರೇ ದಿನದಲ್ಲಿ ಸೋತರು. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಅದೇ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡವು. ಈ ಸಲ ಹತ್ತಾರು ಜನರನ್ನು ಕೂರಿಸಿ ವಾದಕ್ಕೆ ಬಿಟ್ಟ. ತಾನಿದ್ದರೆ ಬಾಯಿ ಬಿಡಲ್ಲ ಅಂತ ಕೆಲವು ಸಭೆಗಳಿಗೆ ಬೇಕೆಂತಲೇ ಹೋಗಲಿಲ್ಲ. ಬಾಂಬ್ ಹಾಕಿ ಅನ್ನುತ್ತಿದ್ದವರು ಕಮ್ಮಿಯಿರಲಿಲ್ಲ, ಆತ ಆರಿಸಿಕೊಂಡಿದ್ದು ಸಮುದ್ರದಲ್ಲೇ ಹಡಗು ತಡೆಯುವುದನ್ನು, ಜೊತೆಗೆ ಟರ್ಕಿಯಲ್ಲಿದ್ದ ತನ್ನ ಕ್ಷಿಪಣಿಗಳನ್ನು ತೆಗೆಯೋಕೂ ಗುಟ್ಟಾಗಿ ಒಪ್ಪಿದ. ಮನುಷ್ಯ ಅವನೇ, ನಡುವೆ ಒಂದೂವರೆ ವರ್ಷ ಅಷ್ಟೇ.

ಮಾಡದೆ ಬಿಟ್ಟ ಕೆಲಸಗಳನ್ನೂ ಹುಡುಕಿ. ಇದು ಕಷ್ಟ, ಯಾಕಂದ್ರೆ ಆಗದೇ ಇರೋದು ಸುದ್ದಿಯಾಗಲ್ಲ ಅಲ್ವಾ? ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಕದನ ಗೆದ್ದ ಮೇಲೆ ಲಿಂಕನ್ ಕಡೆಯ ಜನರಲ್ ಮೀಡ್ ಶತ್ರು ಸೇನೆಯನ್ನು ಬೆನ್ನಟ್ಟಿ ಹಿಡಿಯಲಿಲ್ಲ, ಅದರ ನಾಯಕ ಲೀ ನದಿ ದಾಟಿ ಪಾರಾದ. ಲಿಂಕನ್‌ಗೆ ಮೈಯೆಲ್ಲ ಉರಿದುಹೋಯಿತು. ನಿನ್ನಿಂದ ಯುದ್ಧ ಇನ್ನೂ ಎಳೆಯುತ್ತದೆ ಅನ್ನೋ ಅರ್ಥದ ಕಾಗದವನ್ನು ಮೀಡ್‌ಗೆ ಬರೆದ. ಬರೆದು, ಲಕೋಟೆಯ ಮೇಲೆ ಇದನ್ನು ಕಳಿಸಿಲ್ಲ, ಸಹಿಯೂ ಹಾಕಿಲ್ಲ ಅಂತ ಗುರುತು ಹಾಕಿ ಎತ್ತಿಟ್ಟ. ಮೊದಲ ಅಧ್ಯಕ್ಷ ವಾಷಿಂಗ್ಟನ್ ಎರಡು ಅವಧಿ ಮುಗಿಸಿ 1797ರಲ್ಲಿ ಸುಮ್ನೆ ಮನೆಗೆ ಹೋದದ್ದೂ ಇದೇ ಲೆಕ್ಕ. ಮೂರನೇ ಸಲ ನಿಲ್ಲೋಕೆ ಆಗ ಯಾವ ಕಾನೂನೂ ತಡೆದಿರಲಿಲ್ಲ. ಕಾನೂನು ಬಂದದ್ದು 1951ರಲ್ಲಿ, ಅದೂ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ.

ಕೊನೆಗೆ ಅಂಕ ಕೂಡಿಸಬೇಡಿ. ಲಿಂಡನ್ ಜಾನ್ಸನ್ ಖಾತೆಯಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆಯೂ ಇದೆ, ವಿಯೆಟ್ನಾಂ ಯುದ್ಧ ಕೂಡ ಇದೆ. ಒಂದರಿಂದ ಇನ್ನೊಂದನ್ನು ಕಳೆದರೆ ಏನು ಉಳಿಯುತ್ತದೆ ಹೇಳಿ?

ಶುರು ಮಾಡೋಕೆ ಇಡೀ ಜೀವನಚರಿತ್ರೆ ಬೇಡ, ಒಂದು ನಿರ್ಧಾರ ಹಿಡಿಯಿರಿ. 1962ರ ಸಭೆಗಳನ್ನು ಕೆನಡಿ ಗುಟ್ಟಾಗಿ ಟೇಪ್ ಮಾಡಿಸಿದ್ದ, ಈಗ ಅವನ್ನು ಯಾರು ಬೇಕಾದರೂ ಕೇಳಬಹುದು.